ಎಲ್ಲ ಪಟ್ಟಿಗೂ ಟಿಕ್ ಬೇಕೆ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಗಳಲ್ಲಿ ದುಡಿಯುವ ನಮ್ಮ ಯುವಕರು ಹಬ್ಬಕ್ಕೆ ಊರಿಗೆ ಬಂದಾಗ ಮನೆಮಂದಿಯ ಮೊಬೈಲಿಗೆ ಬ್ರೇವ್ ಬ್ರೌಸರನ್ನೋ, ಫೈರ್‌ಫಾಕ್ಸಿನ ಜೊತೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯನ್ನೋ ಹಾಕಿಕೊಡುವುದುಂಟು. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಕಾಣುವ ಫಿಲ್ಟರ್ ಪಟ್ಟಿಗಳಿಗೆಲ್ಲ ಟಿಕ್ ಹಾಕಿಬಿಡುವ ಉತ್ಸಾಹವನ್ನು ನಾವು ಒಪ್ಪಲಾರೆವು.

ಫಿಲ್ಟರ್ ಪಟ್ಟಿಯೆಂದರೆ ಸಾವಿರಾರು ಸಾಲುಗಳ ನಿಯಮಾವಳಿ. ಇಂಥ ವಿಳಾಸದಿಂದ ಬರುವುದನ್ನು ತಡೆ, ಪುಟದ ಇಂಥ ಭಾಗವನ್ನು ಮರೆಮಾಡು ಎಂದು ಅದು ಬ್ರೌಸರಿಗೆ ಹೇಳುತ್ತದೆ. ಬರೆಯುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. 2005ರಲ್ಲಿ ಆರಂಭವಾದ ಈಸಿಲಿಸ್ಟ್ ಜಾಹೀರಾತನ್ನು ತಡೆದರೆ, ಅದರ ಸೋದರ ಪಟ್ಟಿಯಾದ ಈಸಿಪ್ರೈವಸಿ ಕಣ್ಣಿಗೆ ಕಾಣದ ಬೇಹುಗಾರಿಕೆಯನ್ನು ತಡೆಯುತ್ತದೆ. ಭಾರತೀಯ ಭಾಷೆಗಳ ತಾಣಗಳಿಗೆ ಇಂಡಿಯನ್‌ಲಿಸ್ಟ್ ಇದೆ, ಕನ್ನಡವೂ ಅದರಲ್ಲಿ ಸೇರಿದೆ. ಸಾಮಾನ್ಯ ಓದುಗರಿಗೆ ಈ ಮೂರು ಸಾಕು. ಪಟ್ಟಿಗಳು ಹೆಚ್ಚಿದಂತೆ ಗುಂಡಿಗಳು ಕೆಲಸ ಮಾಡದಾಗುತ್ತವೆ, ಹಣ ಪಾವತಿಯ ಪುಟ ಅರ್ಧಕ್ಕೇ ನಿಲ್ಲುತ್ತದೆ. ಬೇಸತ್ತ ಮನೆಯವರು ಕೊನೆಗೆ ತಡೆಯನ್ನೇ ಕಿತ್ತುಹಾಕುತ್ತಾರೆ.

ಜಾಹೀರಾತು ಬೇರೆ, ಬೇಹುಗಾರಿಕೆ ಬೇರೆ. ನಮ್ಮಂಥ ಪತ್ರಿಕೆಗಳೂ ಜಾಹೀರಾತಿನ ಹಣವನ್ನು ನೆಚ್ಚಿಕೊಂಡಿವೆ. ಆದರೆ ಮುದ್ರಿತ ಪುಟದ ಬಟ್ಟೆ ಅಂಗಡಿಯ ಜಾಹೀರಾತು ಓದುಗರ ಬೆನ್ನುಹತ್ತಿ ಮನೆತನಕ ಬರುವುದಿಲ್ಲ. ಒಂದೇ ಪಟ್ಟಿ ಆರಿಸಿ ಎಂದರೆ ನಾವು ಈಸಿಪ್ರೈವಸಿಯನ್ನೇ ಆರಿಸುತ್ತೇವೆ. ಅದರಿಂದ ಕೆಲವು ಜಾಹೀರಾತುಗಳೂ ಮಾಯವಾದರೆ ಅದು ಅವು ಬರುತ್ತಿದ್ದ ದಾರಿಯ ತಪ್ಪು.

ಬೇಹುಗಾರಿಕೆ ಎಂಬ ಮಾತು ಅತಿಯಾಯಿತೆನ್ನಬೇಡಿ. ಈ ಉದ್ಯಮ ದೂರದ ಅಮೆರಿಕದ್ದು ಮಾತ್ರವೂ ಅಲ್ಲ. ಮೊಬೈಲ್ ಜಾಹೀರಾತು ಕಂಪೆನಿ ಇನ್‌ಮೊಬಿ ನಮ್ಮ ಬೆಂಗಳೂರಿನಲ್ಲೇ ಬೆಳೆದದ್ದು. ಜನರು ಅನುಮತಿ ಕೊಡದಿದ್ದರೂ ಸುತ್ತಲಿನ ವೈಫೈ ಜಾಲಗಳ ಮಾಹಿತಿಯಿಂದ ಅವರಿರುವ ಸ್ಥಳವನ್ನು ಅದು ಪತ್ತೆಹಚ್ಚುತ್ತಿತ್ತು, ಮಕ್ಕಳ ಆ್ಯಪ್‌ಗಳನ್ನೂ ಬಿಟ್ಟಿರಲಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2016ರ ಜೂನ್‌ನಲ್ಲಿ ಕಂಪೆನಿ 9.5 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ನಮ್ಮ ನಗರದ ಕಂಪೆನಿಯನ್ನು ಪ್ರಶ್ನಿಸಲು ಪರದೇಶದ ಆಯೋಗವೇ ಬೇಕಾಯಿತು!

ಆ ಪ್ರಕರಣ ಆ್ಯಪ್‌ಗಳದ್ದೆಂಬುದನ್ನು ಗಮನಿಸಬೇಕು. ಬ್ರೌಸರಿನ ಫಿಲ್ಟರ್ ಕಾಯುವುದು ಬ್ರೌಸರನ್ನು ಮಾತ್ರ. ನಮಾಝ್ ಸಮಯ ತಿಳಿಸುವ ಮುಸ್ಲಿಂ ಪ್ರೊ ಆ್ಯಪ್‌ನಿಂದ ಬಳಕೆದಾರರ ಸ್ಥಳದ ವಿವರ ಎಕ್ಸ್-ಮೋಡ್ ಎಂಬ ದಲ್ಲಾಳಿ ಕಂಪೆನಿಗೆ ಹೋಗುತ್ತಿತ್ತು, ಅಮೆರಿಕದ ಮಿಲಿಟರಿ ಗುತ್ತಿಗೆದಾರರು ಆ ದಲ್ಲಾಳಿಯ ಗಿರಾಕಿಗಳಾಗಿದ್ದರು ಎಂದು 2020ರ ನವೆಂಬರ್‌ನಲ್ಲಿ ಮದರ್‌ಬೋರ್ಡ್ ವರದಿ ಮಾಡಿತು. ವಿಷಯ ಹೊರಬಿದ್ದ ಮೇಲೆ ಮುಸ್ಲಿಂ ಪ್ರೊ ಆ ಸಂಬಂಧ ಕಡಿದುಕೊಂಡಿತು.

ಪೀಣ್ಯದ ಕಾರ್ಖಾನೆಯ ಕಾರ್ಮಿಕ ಪಾಳಿಯ ನಡುವೆ ಅಸರ್‌ನ ಹೊತ್ತು ನೋಡಲು ತೆರೆಯುವುದು ಬ್ರೌಸರನ್ನಲ್ಲ, ಇಂಥದೊಂದು ಆ್ಯಪನ್ನು. ಅವನ ಮೊಬೈಲಿಗೆ ಫಿಲ್ಟರ್ ಹಾಕಿಕೊಡಲು ಕೂರುವವರು ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಯಾವ ಆ್ಯಪ್‌ಗಳಿಗೆ ಸ್ಥಳದ ಅನುಮತಿ ಸಿಕ್ಕಿದೆಯೆಂದು ನೋಡಲಿ. ನಮಾಝ್ ಸಮಯ ಲೆಕ್ಕಹಾಕಲು ಬೆಂಗಳೂರು ಎಂದು ಊರಿನ ಹೆಸರು ಕೊಟ್ಟರೆ ಸಾಕು.