ಸುಂಕದ ಕಡತ ಮತ್ತು ಒಗ್ಗರಣೆಯ ಸೌಟು

ಅಡುಗೆ ಎಣ್ಣೆಯ ಬೆಲೆ ಏರಿದಾಗ ಅಂಗಡಿಯವನನ್ನು ದೂರುವುದು ನಮ್ಮ ಮನೆಗಳಲ್ಲಿ ರೂಢಿ. ಆದರೆ ಬೆಲೆಯ ನಿರ್ಧಾರ ಬಹುಪಾಲು ದೆಹಲಿಯ ಸುಂಕದ ಅಧಿಸೂಚನೆಗಳಲ್ಲಿ, ಇತ್ತೀಚೆಗೆ ಜಕಾರ್ತದ ಇಂಧನ ನೀತಿಯಲ್ಲಿ ಆಗುತ್ತಿದೆ. ಕಳೆದ ಮೂರು ದಶಕಗಳ ನಮ್ಮ ಖಾದ್ಯತೈಲ ನೀತಿಯನ್ನು ಗ್ರಂಥವೊಂದನ್ನು ಪರಿಶೀಲಿಸುವಂತೆ ಪರಿಶೀಲಿಸಿದರೆ, ಅದು ಯಾರ ಹಿತವನ್ನು ಕಾಯ್ದಿದೆ, ಯಾರನ್ನು ಮರೆತಿದೆ ಎಂಬುದು ಸ್ಪಷ್ಟವಾಗುತ್ತದೆ.

1986ರಲ್ಲಿ ಆರಂಭವಾದ ಎಣ್ಣೆಬೀಜಗಳ ತಾಂತ್ರಿಕ ಅಭಿಯಾನದ ಫಲವಾಗಿ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶ ತನಗೆ ಬೇಕಾದ ಎಣ್ಣೆಯನ್ನು ಬಹುಮಟ್ಟಿಗೆ ತಾನೇ ಉತ್ಪಾದಿಸಿಕೊಳ್ಳುತ್ತಿತ್ತು. 1994ರಲ್ಲಿ ಪಾಮೋಲಿನ್ ಆಮದನ್ನು ಮುಕ್ತಗೊಳಿಸಲಾಯಿತು. ಆಗ ಶೇ. 65 ಇದ್ದ ಸುಂಕ 1998ರ ವೇಳೆಗೆ ಶೇ. 15ಕ್ಕೆ ಇಳಿದಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಒತ್ತಡಕ್ಕೆ ಮಣಿಯಬೇಕಾಯಿತೆಂಬ ಸಮರ್ಥನೆಯನ್ನು ಇಂದಿಗೂ ಕೇಳುತ್ತೇವೆ. ಈ ಸಮರ್ಥನೆ ನಿಲ್ಲುವಂಥದಲ್ಲ. ಸೋಯಾ ಎಣ್ಣೆಗೆ ಶೇ. 45ರ ಮಿತಿಯನ್ನು ಭಾರತ ಒಪ್ಪಿಕೊಂಡಿತ್ತು, ನಿಜ. ತಾಳೆ ಎಣ್ಣೆಗೆ ಶೇ. 300ರವರೆಗೂ ಸುಂಕ ವಿಧಿಸುವ ಹಕ್ಕನ್ನು ಅದೇ ಒಪ್ಪಂದ ನಮಗೆ ಉಳಿಸಿತ್ತು. ಬಾಗಿಲನ್ನು ತೆರೆದವರು ನಾವೇ.

1998ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯನ್ನು ಸೇವಿಸಿ ಅರವತ್ತಕ್ಕೂ ಹೆಚ್ಚು ಜನ ಮೃತಪಟ್ಟರು. ಅಪರಾಧ ಘೋರವಾದುದೇ. ಅದರ ಬೆನ್ನಲ್ಲೇ ಬಿಡಿ ಎಣ್ಣೆಯ ಮಾರಾಟಕ್ಕೆ ನಿರ್ಬಂಧ ಬಂದು, ಪೊಟ್ಟಣ ಕಟ್ಟುವುದು ನಿಯಮವಾಯಿತು. ಪೊಟ್ಟಣದ ಯಂತ್ರ, ಪ್ರಯೋಗಾಲಯಗಳ ವೆಚ್ಚ ದೊಡ್ಡ ಕಾರ್ಖಾನೆಗೆ ಹಗುರ. ಹಳ್ಳಿಯ ಗಾಣದವನಿಗೆ ಹೊರಲಾರದ ಹೊರೆ. ಸುಂಕ ಇಳಿದದ್ದೂ ಈ ನಿಯಮ ಬಂದದ್ದೂ ಒಂದೇ ಕಾಲದಲ್ಲಿ ಎಂಬುದನ್ನು ಗಮನಿಸಬೇಕು. ಎಣ್ಣೆಯ ಊರೆಂದೇ ಹೆಸರಾಗಿದ್ದ ನಮ್ಮ ಚಳ್ಳಕೆರೆಯಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಳೆಯ ವೈಫಲ್ಯವೂ ಅದಕ್ಕೆ ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮಳೆ ಬಂದ ವರ್ಷವೂ ಶೇಂಗಾ ಬೆಳೆದವನು ಅಗ್ಗದ ತಾಳೆ ಎಣ್ಣೆಯೊಡನೆ ಸೆಣಸಬೇಕಾಯಿತು.

ಆಮದಿನ ಪರವಾದ ಒಂದು ವಾದವನ್ನು ಮಾತ್ರ ಗೌರವದಿಂದ ಆಲಿಸಬೇಕು. ಎಣ್ಣೆ ಅಗ್ಗವಾದದ್ದರಿಂದ ಕೂಲಿಕಾರರ ಮನೆಯ ಒಗ್ಗರಣೆಗೂ ಅದು ಒದಗಿತು. ಉಳ್ಳವರು ಇದನ್ನು ಹಗುರವಾಗಿ ಕಾಣಬಾರದು. ಆದರೆ ಆ ಅಗ್ಗ ಎಷ್ಟು ಸ್ಥಿರವಾದುದು? ಇಂದು ದೇಶ ವರ್ಷಕ್ಕೆ ಸುಮಾರು 160 ಲಕ್ಷ ಟನ್ ಎಣ್ಣೆಯನ್ನು, ಎಂದರೆ ತನ್ನ ಅಗತ್ಯದ ಅರ್ಧಕ್ಕೂ ಹೆಚ್ಚನ್ನು, ಹೊರಗಿನಿಂದ ತರುತ್ತಿದೆ. ತಾಳೆ ಎಣ್ಣೆಯ ದೊಡ್ಡ ಪಾಲು ಬರುವ ಇಂಡೋನೇಷ್ಯಾ ಅದನ್ನು ಈಗ ವಾಹನಗಳಿಗೂ ಕುಡಿಸುತ್ತಿದೆ: ಡೀಸೆಲ್‌ನಲ್ಲಿ ತಾಳೆ ಇಂಧನದ ಕಡ್ಡಾಯ ಮಿಶ್ರಣ 2020ರಲ್ಲಿ ಶೇ. 30, 2023ರಲ್ಲಿ ಶೇ. 35, 2025ರಲ್ಲಿ ಶೇ. 40. ಅಲ್ಲಿನ ಲಾರಿ ಮತ್ತು ಇಲ್ಲಿನ ಬಾಣಲೆ ಒಂದೇ ಹಂಡೆಗೆ ಕೈಯೊಡ್ಡಿವೆ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಗೆ ತಡೆಯಾಯಿತು. ಏಪ್ರಿಲ್ 28ರಂದು ಇಂಡೋನೇಷ್ಯಾವೂ ತಾಳೆ ಎಣ್ಣೆಯ ರಫ್ತನ್ನು ನಿಷೇಧಿಸಿತು. ಆ ನಿಷೇಧ ನಾಲ್ಕು ವಾರವೂ ಬಾಳಲಿಲ್ಲ. ಅಷ್ಟರಲ್ಲೇ ನಮ್ಮ ಗೃಹಿಣಿಯರು ಎಣ್ಣೆಯನ್ನು ಚಮಚದಲ್ಲಿ ಅಳೆಯುವಂತಾಯಿತು.

ಸರ್ಕಾರದ ಉತ್ತರವೋ ತೂಗುಯ್ಯಾಲೆ. ಕಚ್ಚಾ ಎಣ್ಣೆಗಳ ಮೂಲ ಸುಂಕವನ್ನು 2021ರ ಅಕ್ಟೋಬರ್‌ನಲ್ಲಿ ಸೊನ್ನೆಗೆ ಇಳಿಸಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ರೈತನ ಹೆಸರಿನಲ್ಲಿ ಶೇ. 20ಕ್ಕೆ ಏರಿಸಲಾಯಿತು, 2025ರ ಮೇ 30ರಂದು ಬಳಕೆದಾರನ ಹೆಸರಿನಲ್ಲಿ ಶೇ. 10ಕ್ಕೆ ತಗ್ಗಿಸಲಾಯಿತು. ಮುಂಗಾರು ಬಿತ್ತನೆಯ ಹೊಸ್ತಿಲಲ್ಲಿ ಬಂದ ಈ ಕೊನೆಯ ಆದೇಶವನ್ನು ಓದಿದ ಶೇಂಗಾ ಬೆಳೆಗಾರ ಏನನ್ನು ನಂಬಿ ಬೀಜ ಕೊಳ್ಳಬೇಕು? 2021ರಲ್ಲಿ 11,040 ಕೋಟಿ ರೂಪಾಯಿಯ ತಾಳೆ ಅಭಿಯಾನವೂ ಘೋಷಣೆಯಾಗಿದೆ. ಈಶಾನ್ಯದ ಬೆಟ್ಟಗಳನ್ನೂ ಅಂಡಮಾನನ್ನೂ ಅದಕ್ಕಾಗಿ ಆರಿಸಿಕೊಂಡ ವಿವೇಕ ಪ್ರಶ್ನಾರ್ಹ.

ಶ್ರಾವಕನಿಗೆ ವರ್ಜ್ಯವಾದ ಹದಿನೈದು ಕರ್ಮಾದಾನಗಳನ್ನು ಉಪಾಸಕದಶಾಂಗ ಹೇಳುತ್ತದೆ. ಯಂತ್ರಪೀಡನ, ಎಂದರೆ ಎಳ್ಳು ಮುಂತಾದವನ್ನು ಯಂತ್ರದಲ್ಲಿ ಅರೆಯುವುದು, ಅವುಗಳಲ್ಲೊಂದು. ಕಾಡಿಗೆ ಬೆಂಕಿಯಿಡುವ ದಾವಾಗ್ನಿದಾನ ಇನ್ನೊಂದು. ಗಾಣದ ಹಿಂಸೆ ಊರೊಳಗೆ ಕಣ್ಣಿಗೆ ಬೀಳುತ್ತಿದ್ದುದರಿಂದ ಅದರ ಬಗ್ಗೆ ಅಳುಕಿತ್ತು. ಇಂಡೋನೇಷ್ಯಾದಲ್ಲಿ 2015ರಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ನೆಲ ಉರಿಯಿತು. ತೋಟಗಳಿಗಾಗಿ ಕಾಡನ್ನು ಸುಡುವುದು ಅದರ ಮುಖ್ಯ ಕಾರಣಗಳಲ್ಲೊಂದು. ಆ ಹೊಗೆ ನಮ್ಮ ಪೊಟ್ಟಣದ ಮೇಲೆ ಕಾಣುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ನಂದಾದೀಪಕ್ಕೂ ಅನ್ನಸಂತರ್ಪಣೆಗೂ ಕೊಳ್ಳುವ ಎಣ್ಣೆ ಅಲ್ಪವೇನಲ್ಲ. ‘ದೀಪದ ಎಣ್ಣೆ’ ಎಂದು ಮಾರಾಟವಾಗುವ ಹಲವು ಪೊಟ್ಟಣಗಳಲ್ಲಿ ಅದು ಯಾವ ಬೀಜದ್ದೆಂಬ ವಿವರವೇ ಇರುವುದಿಲ್ಲ. ವಾರ್ಷಿಕ ಲೆಕ್ಕಪತ್ರದಲ್ಲಿ ‘ಎಣ್ಣೆಯ ಬಾಬ್ತು’ ಎಂಬ ಒಂದು ಸಾಲಿನ ಪಕ್ಕದಲ್ಲಿ ಅದು ಯಾವ ಎಣ್ಣೆ, ಯಾವ ಊರಿನ ಗಾಣದ್ದು ಎಂದು ಬರೆಯಲು ಹೊಸ ಕಾನೂನೇನೂ ಬೇಕಿಲ್ಲ. ಮುಂದಿನ ವೀರನಿರ್ವಾಣದ ಖರೀದಿಗೆ ಮುನ್ನ ಈ ಪ್ರಶ್ನೆ ಸಭೆಯ ಮುಂದೆ ಬರಲಿ.