ಅಲ್ಪಾಯುಷ್ಯದ ಮುದ್ರಣಗಳು ಮತ್ತು ನಗರದ ಇತಿಹಾಸ: ಬೆಂಗಳೂರಿನ ಚಿತ್ರಕಾರ್ಡುಗಳನ್ನು ಕುರಿತ ವಿಮರ್ಶೆ

ಶಾಸನ, ನಾಣ್ಯ, ಕಡತ ಇವು ಇತಿಹಾಸದ ಆಕರಗಳೆಂಬುದು ಎಲ್ಲರೂ ಒಪ್ಪಿದ ಮಾತು. ಇವೆಲ್ಲವೂ ಉಳಿಯಬೇಕೆಂಬ ಉದ್ದೇಶದಿಂದಲೇ ಹುಟ್ಟಿದವು. ಚಿತ್ರದ ಅಂಚೆಕಾರ್ಡು, ನಾಟಕದ ಕರಪತ್ರ, ರೈಲ್ವೆ ಟಿಕೆಟ್ಟು, ಸಾಬೂನಿನ ಹೊದಿಕೆ, ಲಗ್ನಪತ್ರಿಕೆ ಇವುಗಳ ಸಂಗತಿಯಾದರೋ ಬೇರೆ. ಒಂದು ದಿನದ, ಹೆಚ್ಚೆಂದರೆ ಒಂದು ತಿಂಗಳ ಉಪಯೋಗಕ್ಕೆಂದು ಅಚ್ಚಾಗಿ, ಕೆಲಸ ತೀರಿದೊಡನೆ ಕಸವಾಗುವುದು ಇವುಗಳ ಧರ್ಮ. ಆದುದರಿಂದಲೇ ಇವು ಸಾಕ್ಷ್ಯವೆಂಬ ಪ್ರಜ್ಞೆಯಿಲ್ಲದೆ ನುಡಿಯುವ ಸಾಕ್ಷಿಗಳು. ಈಚಿನ ವರ್ಷಗಳಲ್ಲಿ ಇಂಥವನ್ನು ಸಂಗ್ರಹಿಸುವ ಆಸಕ್ತಿ ನಮ್ಮಲ್ಲಿ ಬೆಳೆದಿದೆ. ಸಂತೋಷದ ವಿಷಯವೇ ಸರಿ. ಆದರೆ ಸಂಗ್ರಹ ಬೆಳೆದಷ್ಟು ವಿಮರ್ಶೆ ಬೆಳೆದಿದೆಯೇ ಎಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಮೊದಲು ಚಿತ್ರಕಾರ್ಡಿನ ಹುಟ್ಟನ್ನು ಸಂಕ್ಷೇಪವಾಗಿ ನೆನೆಯಬಹುದು. ಅಂಚೆಕಾರ್ಡು 1869ರಲ್ಲಿ ಆಸ್ಟ್ರಿಯ-ಹಂಗೇರಿಯಲ್ಲಿ ಜಾರಿಗೆ ಬಂದಿತು; ಭಾರತದಲ್ಲಿ 1879ರಲ್ಲಿ, ಕಾಲಾಣೆ ಬೆಲೆಗೆ. ಹಿಂಬದಿಯನ್ನು ಎರಡು ಭಾಗಮಾಡಿ ಒಂದರಲ್ಲಿ ವಿಳಾಸವನ್ನೂ ಇನ್ನೊಂದರಲ್ಲಿ ಒಕ್ಕಣೆಯನ್ನೂ ಬರೆಯಲು ಬ್ರಿಟನ್ನಿನಲ್ಲಿ 1902ರಲ್ಲಿ ಅನುಮತಿ ದೊರೆತ ಮೇಲೆ ಮುಂಬದಿ ಪೂರ್ತಿಯಾಗಿ ಚಿತ್ರದ ಪಾಲಾಯಿತು. ಮೊದಲನೆಯ ಮಹಾಯುದ್ಧದವರೆಗಿನ ಹಲವು ಕಾರ್ಡುಗಳು, ನಮ್ಮ ನಾಡಿನ ಚಿತ್ರಗಳನ್ನೇ ಹೊತ್ತಿದ್ದರೂ, ಅಚ್ಚಾದುದು ಜರ್ಮನಿಯಲ್ಲಿ. ಬೆಂಗಳೂರಿನ ನೋಟಗಳನ್ನು ಪ್ರಕಟಿಸಿದವರಲ್ಲಿ ಹಿಗಿನ್‌ಬಾಥಮ್ಸ್, ಮದರಾಸಿನ ವೀಲೆ ಮತ್ತು ಕ್ಲೈನ್ ಮುಂತಾದ ಸಂಸ್ಥೆಗಳು ಸೇರಿದ್ದವು.

ಈ ಸಾಮಗ್ರಿಯನ್ನು ಗಂಭೀರವಾಗಿ ಎಣಿಸಿದ ಎರಡು ಪ್ರಯತ್ನಗಳನ್ನು ಇಲ್ಲಿ ಹೆಸರಿಸಬೇಕು. ಒಮರ್ ಖಾನ್ ಅವರ ‘ಪೇಪರ್ ಜ್ಯುವೆಲ್ಸ್’ ಎಂಬ ಗ್ರಂಥ 2018ರಲ್ಲಿ ಹೊರಬಂದಿತು. ಅದೇ ವರ್ಷ ಲಂಡನ್ನಿನ ಸೋಆಸ್ ವಿದ್ಯಾಸಂಸ್ಥೆಯ ಬ್ರೂನೈ ಗ್ಯಾಲರಿಯಲ್ಲಿ ಮದರಾಸು ಮತ್ತು ಬೆಂಗಳೂರುಗಳ ಚಿತ್ರಕಾರ್ಡುಗಳ ಪ್ರದರ್ಶನವೊಂದನ್ನು ಸ್ಟೀಫನ್ ಪಟ್ನಮ್ ಹ್ಯೂಸ್ ಮತ್ತು ಎಮಿಲಿ ರೋಸ್ ಸ್ಟೀವನ್‌ಸನ್ ಏರ್ಪಡಿಸಿದರು. ಮೊದಲನೆಯದರ ಹಿರಿಮೆ, ರವಿವರ್ಮ ಮುದ್ರಣಾಲಯ, ಕಲಾವಿದ ಧುರಂಧರ ಮೊದಲಾದವರ ಕಾರ್ಡುಗಳನ್ನು ಎತ್ತಿ ತೋರಿಸಿ, ಈ ಕಲೆ ಕೇವಲ ಆಳುವವರ ಕೈಯದಾಗಿರಲಿಲ್ಲವೆಂಬುದನ್ನು ಸ್ಥಾಪಿಸಿದುದರಲ್ಲಿದೆ. ಆದರೆ ‘ಕಾಗದದ ಆಭರಣ’ ಎಂಬ ಹೆಸರೇ ಸಂಗ್ರಾಹಕನ ದೃಷ್ಟಿಯನ್ನು ಹೇಳುತ್ತದೆ. ಆಭರಣವನ್ನು ಆರಿಸುವಾಗ ನಾವು ನೋಡುವುದು ಚೆಲುವನ್ನೂ ಅಪೂರ್ವತೆಯನ್ನೂ. ಸಾಕ್ಷ್ಯವನ್ನು ಆರಿಸುವಾಗ ನೋಡಬೇಕಾದುದು ಪ್ರಾತಿನಿಧ್ಯವನ್ನು. ಮಾಸಿದ, ಸರ್ವಸಾಧಾರಣವಾದ, ಸಾವಿರ ಪ್ರತಿ ಮಾರಾಟವಾದ ಕಾರ್ಡೇ ಇತಿಹಾಸಕಾರನಿಗೆ ಹೆಚ್ಚು ಬೆಲೆಯುಳ್ಳದ್ದು. ಲಂಡನ್ನಿನ ಪ್ರದರ್ಶನವು ಕಾರ್ಡುಗಳನ್ನು ‘ನಗರೇತಿಹಾಸ’ವೆಂದೇ ಕರೆದುದು ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದಿಟ್ಟಂತೆ.

ನಗರೇತಿಹಾಸವೆಂದರೆ ಯಾವ ನಗರದ ಇತಿಹಾಸ? 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿ ಬಂದಾಗ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. 1947ರವರೆಗೂ ಸ್ಥಿತಿ ಹಾಗೆಯೇ ಇತ್ತು. ಸಾಮಾನ್ಯವಾಗಿ ಕಾಣಸಿಗುವ ಕಾರ್ಡುಗಳಲ್ಲಿರುವುದು ಸೌತ್ ಪೆರೇಡು, ಕಬ್ಬನ್ ಉದ್ಯಾನ, ಇಗರ್ಜಿಗಳು, ಲಾಲ್‌ಬಾಗಿನ ಗಾಜಿನ ಮನೆ, ಅರಮನೆ. ಕೊಳ್ಳುವವನು ಎಲ್ಲಿದ್ದನೋ ಕ್ಯಾಮರಾ ಅಲ್ಲಿಗೆ ಹೋಯಿತು. ಪೇಟೆಯ ಬೀದಿಗಳು ಕಡಮೆ. ಪೇಟೆಯಿಂದಾಚೆ ಪಶ್ಚಿಮದ ನೆಲವಂತೂ ಇಲ್ಲವೆಂದೇ ಹೇಳಬೇಕು. ಇಂದಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಆಗ ಕೇತಮಾರನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಸಾಣೆಗುರುವನಹಳ್ಳಿಗಳ ಹೊಲಗದ್ದೆಗಳಾಗಿದ್ದುವು. ಮನುಷ್ಯರ ವಿಷಯದಲ್ಲಿಯೂ ಇದೇ ನ್ಯಾಯ: ಕಟ್ಟಡಗಳಿಗೆ ಹೆಸರಿದೆ, ಅಗಸನಿಗೂ ನೀರು ಹೊರುವವನಿಗೂ ಆಯಾಗೂ ಹೆಸರಿಲ್ಲ, ಕಸುಬೇ ಶೀರ್ಷಿಕೆ. ಹೀಗಿರುವಲ್ಲಿ ಚಿತ್ರಕಾರ್ಡುಗಳನ್ನು ಜೋಡಿಸಿ ‘ಅಂದಿನ ಬೆಂಗಳೂರು ಹೀಗಿತ್ತು’ ಎನ್ನುವುದು, ದಾನಶಾಸನಗಳನ್ನು ಮಾತ್ರ ಓದಿ ‘ಅಂದಿನ ಜನರೆಲ್ಲ ದಾನಿಗಳಾಗಿದ್ದರು’ ಎಂದಂತಾಗುತ್ತದೆ.

ಶಾಸನದ ಉಪಮೆಯನ್ನು ಇನ್ನಷ್ಟು ಮುಂದುವರಿಸಬಹುದು. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನದ ಪಾಠವನ್ನಷ್ಟೇ ಕೊಟ್ಟು ತೃಪ್ತರಾಗಲಿಲ್ಲ. ಅದು ಯಾವ ಊರಿನ ಯಾವ ಎಡೆಯಲ್ಲಿದೆಯೆಂಬುದನ್ನೂ ದಾಖಲಿಸಿದರು. ಸ್ಥಳ ತಪ್ಪಿದ ಕಲ್ಲು ಅರ್ಧ ಮೂಕವೆಂಬುದು ಶಾಸನತಜ್ಞರಿಗೆ ಗೊತ್ತು. ಚಿತ್ರಕಾರ್ಡಿನ ವ್ಯಾಪಾರದಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಒಂದು ಮನೆತನ ತಲೆಮಾರುಗಳ ಕಾಲ ಕೂಡಿಸಿದ ಆಲ್ಬಮ್ಮನ್ನು ಬಿಡಿಸಿ, ಕಾರ್ಡುಗಳನ್ನು ಒಂದೊಂದಾಗಿ ಮಾರುವುದುಂಟು. ಬಿಡಿಯಾಗಿ ಮಾರಿದರೆ ಲಾಭ ಹೆಚ್ಚು. ಆಗ ಯಾರು ಯಾರಿಗೆ ಬರೆದರು, ಯಾವ ಕ್ರಮದಲ್ಲಿ ಇರಿಸಿಕೊಂಡರು ಎಂಬ ಸಂಬಂಧವೇ ಅಳಿಸಿಹೋಗುತ್ತದೆ. ಎಷ್ಟೋ ಚಿತ್ರಸಂಪುಟಗಳಲ್ಲಿ ಕಾರ್ಡಿನ ಮುಂಬದಿಯನ್ನು ಮಾತ್ರ ಅಚ್ಚುಮಾಡುವ ರೂಢಿಯೂ ಇದರ ಸೋದರನೇ. ಅಂಚೆಯ ಮೊಹರು, ಚೀಟಿ, ಒಕ್ಕಣೆ, ಪ್ರಕಾಶಕನ ಹೆಸರು ಎಲ್ಲವೂ ಇರುವುದು ಹಿಂಬದಿಯಲ್ಲಲ್ಲವೇ?

ಕಾಲನಿರ್ಣಯದಲ್ಲಿ ಎಚ್ಚರ ಇನ್ನೂ ಅಗತ್ಯ. ಒಂದು ಕಾರ್ಡಿಗೆ ಮೂರು ಕಾಲಗಳುಂಟು: ಛಾಯಾಚಿತ್ರ ತೆಗೆದ ಕಾಲ, ಅಚ್ಚಾದ ಕಾಲ, ಅಂಚೆಗೆ ಬಿದ್ದ ಕಾಲ. ಮೊಹರು ತಿಳಿಸುವುದು ಕೊನೆಯದನ್ನು ಮಾತ್ರ. ಚಿತ್ರದೊಳಗಿನ ಕುರುಹುಗಳು ಮೊದಲನೆಯದಕ್ಕೆ ನೆರವಾಗುತ್ತವೆ. ಕಬ್ಬನ್ ಉದ್ಯಾನದ ವಿಕ್ಟೋರಿಯ ಪ್ರತಿಮೆ ಅನಾವರಣಗೊಂಡುದು 1906ರಲ್ಲಿ. ಅದು ನಿಂತಿರುವ ಚಿತ್ರ ಅದಕ್ಕೆ ಹಿಂದಿನದಾಗಲಾರದು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ದೀಪದ ಕಂಬ ಕಂಡರೆ ಇದನ್ನು ನೆನೆಯಬೇಕು, ಆದರೆ ತಂತಿ ಇಲಾಖೆಯ ಕಂಬವನ್ನು ವಿದ್ಯುತ್ತಿನದೆಂದು ಭ್ರಮಿಸಬಾರದು. ಬಣ್ಣದ ಕಾರ್ಡುಗಳಲ್ಲಿ ಸೀರೆಯ ಬಣ್ಣವನ್ನು ನಂಬುವುದಂತೂ ಸಲ್ಲದು. ಕಪ್ಪು ಬಿಳುಪಿನ ಚಿತ್ರಕ್ಕೆ ಬಣ್ಣ ಕೂಡಿಸಿದ ದೂರದೇಶದ ಮುದ್ರಕ ಆ ಸೀರೆಯನ್ನು ಕಂಡಿರಲಿಲ್ಲ.

ಹಾಗಾದರೆ ಪಶ್ಚಿಮ ಬೆಂಗಳೂರಿಗೆ ಮುದ್ರಿತ ಸಾಕ್ಷ್ಯವೇ ಇಲ್ಲವೇ? ಧಾರಾಳವಾಗಿ ಇದೆ, ಆದರೆ ಅದು ಚಿತ್ರಕಾರ್ಡಿನ ರೂಪದಲ್ಲಿಲ್ಲ. ಕೆಂಗೇರಿಯ ಮೇಲೆ ಹಾದ ಮೈಸೂರು ರೈಲುದಾರಿಯ ದಪ್ಪ ರಟ್ಟಿನ ಟಿಕೆಟ್ಟು, ಬಿನ್ನಿ ಗಿರಣಿಯ ಬಟ್ಟೆಯ ಮೇಲಿನ ಚೀಟಿ, ಬಡಾವಣೆಗಳ ನಿವೇಶನದ ಹಂಚಿಕೆಪತ್ರ, ಗೃಹಪ್ರವೇಶದ ಆಹ್ವಾನ, ರಾಮೋತ್ಸವದ ಕರಪತ್ರ ಇವೇ ಇಲ್ಲಿಯ ಆಕರಗಳು. ಇವುಗಳಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿನ ಹೊದಿಕೆಗೆ ವಿಶೇಷ ಸ್ಥಾನ ಸಲ್ಲಬೇಕು. ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯ ತಯಾರಿಕೆಗೆ ಕೈಹಾಕಿತು. ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮದಿಂದ ಸಾಬೂನು ರೂಪುಗೊಂಡಿತು. ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂದಿತು. 1980ರಲ್ಲಿ ಸರಕಾರಿ ಕಂಪನಿಯಾಯಿತು. ಹೊದಿಕೆಯ ಮೇಲಿನ ಶರಭ, ಅಂದರೆ ಆನೆಯ ತಲೆಯ ಸಿಂಹ, ಉಳಿದುಕೊಂಡರೂ ತಯಾರಕರ ಹೆಸರು ಬದಲಾಗಿದೆ. ಬೇರೆ ಬೇರೆ ಕಾಲದ ಹೊದಿಕೆಗಳನ್ನು ಸಾಲಾಗಿ ಇಟ್ಟರೆ ಸಂಸ್ಥಾನದಿಂದ ರಾಜ್ಯಕ್ಕೆ, ಇಲಾಖೆಯಿಂದ ಕಂಪನಿಗೆ ನಡೆದ ಬದಲಾವಣೆಯನ್ನು ಅಂಗೈ ಮೇಲೆ ಓದಬಹುದು.

ಇಂಥ ಬಿಡಿ ಮುದ್ರಣಗಳಲ್ಲಿ ಎಷ್ಟೋ ವೇಳೆ ಇಸವಿ ಇರುವುದಿಲ್ಲ; ಆದರೂ ಕಾಲವನ್ನು ಗೊತ್ತುಮಾಡಲು ಸಾಧನಗಳಿವೆ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕೆ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ಸುಮಾರಿನದು. ವಿಳಾಸದಲ್ಲಿ ‘ಬೆಂಗಳೂರು-10’ ಎಂದಿರುವುದು ಹಳೆಯ ವಲಯಸಂಖ್ಯೆಯ ರೂಢಿ. ರಾಜಾಜಿನಗರಕ್ಕೆ 560010, ವಿಜಯನಗರಕ್ಕೆ 560040, ಕೆಂಗೇರಿಗೆ 560060, ಬಸವೇಶ್ವರನಗರಕ್ಕೆ 560079 ಎಂಬ ಆರಂಕಿಯ ಪಿನ್‌ಕೋಡು ಕಂಡರೆ ಅದು 1972ರ ಆಗಸ್ಟಿಗಿಂತ ಹಿಂದಿನದಲ್ಲ. ‘ಮೈಸೂರು ರಾಜ್ಯ’ ಎಂಬುದು 1973ರ ನವೆಂಬರಿನಲ್ಲಿ ‘ಕರ್ನಾಟಕ’ವಾಯಿತು. ಆದರೆ ಈ ಕುರುಹುಗಳ ಬಲ ಒಂದೇ ಸಮನಲ್ಲ. ಹೊಸ ಪದ್ಧತಿಯ ಕುರುಹು ‘ಇದಕ್ಕೆ ಹಿಂದಿನದಲ್ಲ’ ಎಂದು ಖಚಿತವಾಗಿ ಹೇಳುತ್ತದೆ. ಹಳೆಯ ಪದ್ಧತಿಯ ಕುರುಹು ‘ಇದಕ್ಕೆ ಈಚಿನದಲ್ಲ’ ಎಂದು ಅಷ್ಟು ಖಚಿತವಾಗಿ ಹೇಳಲಾರದು. ಅಚ್ಚುಕೂಟದವರು ಹಳೆಯ ಮೊಳೆಯನ್ನೂ ವ್ಯಾಪಾರಿಗಳು ಮಿಕ್ಕ ದಾಸ್ತಾನನ್ನೂ ಬಹುಕಾಲ ಬಳಸುವುದು ಸಹಜವಾಗಿತ್ತು.

ಸಂಗ್ರಾಹಕರನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಗ್ರಂಥಾಲಯಗಳು ಗ್ರಂಥವಲ್ಲವೆಂದು, ಪತ್ರಾಗಾರಗಳು ಕಡತವಲ್ಲವೆಂದು ಕೈಬಿಟ್ಟ ಕಾಗದಗಳನ್ನು ರದ್ದಿ ಅಂಗಡಿಯ ತಕ್ಕಡಿಯಿಂದ ಉಳಿಸಿದವರಲ್ಲಿ ಅವರೇ ಮೊದಲಿಗರು. ಅವರ ಹವ್ಯಾಸಕ್ಕೆ ನಾವು ಋಣಿಗಳು. ಆದರೆ ಮಾರುಕಟ್ಟೆ ಬೆಲೆ ಕಟ್ಟುವುದು ದಂಡಿನ ಚಿತ್ರಕ್ಕೆ. ಬಡಾವಣೆಯ ಹಂಚಿಕೆಪತ್ರಕ್ಕೆ ಬೆಲೆಯಿಲ್ಲ. ಆದುದರಿಂದ ಸೌತ್ ಪೆರೇಡಿನ ಕಾರ್ಡು ಹೇಗೂ ಉಳಿಯುತ್ತದೆ, ರಾಜಾಜಿನಗರದ ಕಾಗದ ಉಳಿಯುವುದಿಲ್ಲ. ಮೊದಲು ನಿವೇಶನ ಪಡೆದ ತಲೆಮಾರು ಮರೆಯಾಗಿ, ಆ ಹೆಂಚಿನ ಮನೆಗಳೂ ತಾರಸಿ ಮನೆಗಳೂ ಒಡೆದು ಮಹಡಿಗಳು ಏಳುತ್ತಿರುವಾಗ, ಟ್ರಂಕಿನೊಳಗಿನ ಕಾಗದಗಳು ಹೊರಬೀಳುವುದು ಒಂದೇ ಸಲ.

ಕಾಲೇಜುಗಳ ಇತಿಹಾಸ ವಿಭಾಗಗಳು ಮಾಡಬಹುದಾದ ಕೆಲಸ ಇಲ್ಲಿದೆ. ವಿದ್ಯಾರ್ಥಿಯೊಬ್ಬನು ತನ್ನ ಬೀದಿಯ ಹತ್ತು ಮನೆಗಳಲ್ಲಿ ಕೇಳಿ, ದೊರೆತುದರ ಎರಡು ಮಗ್ಗುಲನ್ನೂ ಪ್ರತಿಮಾಡಿಕೊಂಡು, ಎಲ್ಲಿ, ಯಾರ ಬಳಿ, ಯಾವುದರ ಜೊತೆಯಲ್ಲಿ ಇತ್ತೆಂಬುದನ್ನು ಬರೆದಿಟ್ಟು, ಮೂಲವನ್ನು ಮನೆಯವರಿಗೇ ಹಿಂದಿರುಗಿಸಿದರೆ ಸಾಕು. ಇದಕ್ಕೆ ಹಣ ಹೆಚ್ಚು ಬೇಕಿಲ್ಲ, ಕ್ರಮ ಬೇಕು. ಸೊಗಸಿಗೆ ಮರುಳಾಗದೆ, ಸಾಧಾರಣವಾದುದನ್ನು ಹಗುರವಾಗಿ ಕಾಣದೆ ನಡೆದ ಸಂಗ್ರಹ ಮಾತ್ರ ಮುಂದೆ ಈ ಬಡಾವಣೆಗಳ ಚರಿತ್ರೆಯನ್ನು ಬರೆಯುವವನ ಕೈಗೆ ಆಧಾರವಾಗಬಲ್ಲುದು.