ಬಿ.ಜಿ.ಎಲ್. ಸ್ವಾಮಿಯವರ ಬರವಣಿಗೆ ಮತ್ತು ಅದರ ವಾಚಕವರ್ಗಗಳು

ಶಾಸ್ತ್ರವಿಷಯವನ್ನು ಸಾಮಾನ್ಯ ವಾಚಕರಿಗೆ ಹೇಳುವುದೆಂದರೆ ಅದನ್ನು ತೆಳುಗೊಳಿಸುವುದೆಂಬ ಭಾವನೆ ನಮ್ಮ ವಿದ್ವಾಂಸರಲ್ಲಿ ಬಲವಾಗಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ದಿವಂಗತ ಬಿ.ಜಿ.ಎಲ್. ಸ್ವಾಮಿಯವರ ಬರವಣಿಗೆಯನ್ನು ಒಟ್ಟಿಗಿಟ್ಟು ನೋಡಿದರೆ ಈ ಭಾವನೆ ನಿಲ್ಲಲಾರದು. ಆದರೆ ಅದರ ಜಾಗದಲ್ಲಿ ಬೇರೊಂದು ಆತಂಕ ತಲೆದೋರುತ್ತದೆ.

1950ರಲ್ಲಿ ಸ್ವಾಮಿಯವರು ಹಾರ್ವರ್ಡಿನ ಐ.ಡಬ್ಲ್ಯು. ಬೈಲಿಯವರೊಡನೆ 'ಸಾರ್ಕಾಂಡ್ರ' ಎಂಬ ಸಸ್ಯಜಾತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಬಹುತೇಕ ಹೂಗಿಡಗಳ ಕಟ್ಟಿಗೆಯಲ್ಲಿ ಕಾಣುವ ನೀರುಗೊಳವೆಗಳು ಇದರಲ್ಲಿಲ್ಲವೆಂಬುದು ಅದರ ತಿರುಳು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ವಿದ್ವಾಂಸರು ಅದೇ ಜಾತಿಯ ಕಟ್ಟಿಗೆಯಲ್ಲಿ ಅಂಥ ಗೊಳವೆಗಳಿವೆಯೆಂದು ತೋರಿಸಿದರು. ತಜ್ಞರ ಬರವಣಿಗೆಯ ಹಿರಿಮೆಯೇ ಇದು: ಏನನ್ನು ನೋಡಿ ಈ ಮಾತು ಹೇಳಿತೆಂಬುದು ಬಯಲಿನಲ್ಲಿರುತ್ತದೆ, ಬೇಕಾದವರು ಮರಳಿ ನೋಡಬಹುದು.

1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ 'ಹಸುರು ಹೊನ್ನು' ಈ ಗುಣವನ್ನು ಬಿಟ್ಟುಕೊಟ್ಟಿಲ್ಲ. ಅಲ್ಲಿ ವಿದ್ಯಾರ್ಥಿಗಳ ಕೀಟಲೆಯುಂಟು, ಊಟವಸತಿಯ ಪಾಡುಂಟು, ಹಾಸ್ಯವಂತೂ ಹೇರಳ. ಅದರ ನಡುವೆಯೇ ಗಿಡದ ಶಾಸ್ತ್ರೀಯ ನಾಮ ಬರುತ್ತದೆ, ಲೇಖಕರೇ ಬರೆದ ಚಿತ್ರ ಬರುತ್ತದೆ. ಪುಸ್ತಕ ಹಿಡಿದು ಮಲೆನಾಡಿಗೆ ಹೋದವನು ಗಿಡವನ್ನು ತಾನೇ ಗುರುತಿಸಬಲ್ಲನು. ಭಾಷೆ ಬದಲಾಯಿತು, ಸಾಕ್ಷ್ಯ ಉಳಿಯಿತು.

ತೊಡಕು ಇರುವುದು ತಮಿಳಿನ ಪ್ರಾಚೀನತೆಯ ಪ್ರಶ್ನೆಯಲ್ಲಿ. ತೊಲ್ಕಾಪ್ಪಿಯಂ ಹತ್ತನೆಯ ಶತಮಾನಕ್ಕಿಂತ ಹಿಂದಿನದಲ್ಲವೆಂದು ಸ್ವಾಮಿಯವರು 1975ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿ ವಾದಿಸಿದರು. 1976ರಲ್ಲಿ ಕಳಭ್ರರ ಕಾಲವನ್ನು ಕುರಿತು ಬರೆದರು. ಒಪ್ಪದವರು ಅನೇಕರು. ಆದರೂ ಆ ಲೇಖನಗಳು ಉತ್ತರ ಕೊಡಬಲ್ಲವರ ಎದುರಿನಲ್ಲಿಯೇ ಆಡಿದ ಮಾತು. 'ತಮಿಳು ತಲೆಗಳ ನಡುವೆ' ಹಾಗಲ್ಲ. ಅಲ್ಲಿ ಪ್ರತಿವಾದಿಯು ವಿನೋದದ ಪಾತ್ರವಾಗಿ ಬರುತ್ತಾನೆ. ವಾಚಕನು ಕನ್ನಡಿಗ, ಬಹುಶಃ ನಮ್ಮಂತೆ ಹೊರನಾಡಿನಲ್ಲಿದ್ದು ಸಣ್ಣಪುಟ್ಟ ಮುನಿಸುಗಳನ್ನು ಕೂಡಿಟ್ಟುಕೊಂಡವನು. ಪ್ರಮಾಣವನ್ನು ತೂಗುವ ಮೊದಲೇ ನಗು ತೀರ್ಪು ಕೊಟ್ಟುಬಿಡುತ್ತದೆ. ಗ್ರಂಥದ ರುಚಿ ನಿರ್ವಿವಾದವಾದುದು. ನಾನೂ ಮತ್ತೆ ಮತ್ತೆ ಓದಿ ನಕ್ಕವನೇ. ಕಾಡಿನಲ್ಲಿ ಮೇಷ್ಟರೂ ಶಿಷ್ಯರೂ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಇಲ್ಲಿ ನಗೆಗೀಡಾದವನು ಪಕ್ಕದ ಮನೆಯವನು, ಅವನಿಗೆ ಈ ಪುಟ ಓದಲು ಬಾರದು.

ಈ ವಿಚಾರವು ನಮಗೆ ದೂರದ್ದಲ್ಲ. ಶೋಳಿಂಗನಲ್ಲೂರಿನ ಕಂಪ್ಯೂಟರ್ ಸಂಸ್ಥೆಗಳಲ್ಲಿ ಹಗಲೆಲ್ಲ ಇಂಗ್ಲಿಷ್ ವರದಿ ಬರೆಯುವ ಕನ್ನಡಿಗರಿದ್ದಾರೆ. ಅವರ ಕಚೇರಿಗಳ ಸಮೀಪದಲ್ಲಿಯೇ ಇರುವ ಪಳ್ಳಿಕರಣೆಯ ಜವುಗುನೆಲ 2022ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಆ ಜವುಗಿನ ಜೊಂಡುಹುಲ್ಲನ್ನೂ ಹಕ್ಕಿಗಳನ್ನೂ ಕುರಿತು ತಮ್ಮ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯಬಲ್ಲವರು ಅವರಲ್ಲಿ ಇಲ್ಲದಿಲ್ಲ. ಬರೆಯುವಾಗ 'ಹಸುರು ಹೊನ್ನು' ಪಕ್ಕದಲ್ಲಿರಲಿ. ಬರೆದುದನ್ನು ಒಬ್ಬ ತಮಿಳು ಗೆಳೆಯನಿಗೆ ಬಾಯಲ್ಲಿ ಅನುವಾದಿಸಿ ಹೇಳಿ, ಅವನು ಏನೆನ್ನುವನೆಂದು ಕೇಳಿ, ಆಮೇಲೆ ಅಚ್ಚಿಗೆ ಕಳುಹಿಸಲಿ.